ಸ್ವಸ್ಥರೆಂದರೆ ಯಾರು?

ಇಬ್ಬರು ಸಂಧಿಸಿದೊಡನೆ ನಮ್ಮಲ್ಲಿ ಕೇಳುವ ಮೊದಲ ಮಾತು ‘ಆರೋಗ್ಯವೇ?’ ಎಂಬುದು. ರೋಗವಿಲ್ಲದಿರುವುದು ಆರೋಗ್ಯ, ಆ ಪದ ಒಂದು ಅಭಾವವನ್ನಷ್ಟೇ ಸೂಚಿಸುತ್ತದೆ. ಅದರ ನೆರೆಯ ಪದವಾದ ‘ಸ್ವಸ್ಥ’ ಹಾಗಲ್ಲ. ತನ್ನಲ್ಲಿ ತಾನು ನೆಲೆಗೊಂಡವನು ಸ್ವಸ್ಥ. ಹಾಗಾದರೆ ಬಾಳಿನುದ್ದಕ್ಕೂ ಬಿಡದ ರೋಗವುಳ್ಳವರು ಸ್ವಸ್ಥರಾಗಿರಬಲ್ಲರೆ? ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1868ರಲ್ಲಿ ಪ್ಯಾರಿಸ್ಸಿನ ವೈದ್ಯ ಶಾರ್ಕೋ ಇದರ ಲಕ್ಷಣಗಳನ್ನು ಕ್ರಮವಾಗಿ ವಿವರಿಸಿದನು. ನರತಂತುಗಳ ಮೇಲಿನ ಮಯಲಿನ್ ಎಂಬ ಹೊದಿಕೆಯನ್ನು ದೇಹದ ರಕ್ಷಣಾಶಕ್ತಿಯೇ ಹಗೆಯೆಂದು ಬಗೆದು ಘಾಸಿಗೊಳಿಸುತ್ತದೆ. ದೃಷ್ಟಿ ಮಸುಕಾಗಬಹುದು, ಕಾಲು ತಡವರಿಸಬಹುದು, ಕೈ ಜೋಮು ಹಿಡಿಯಬಹುದು. ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ಪ್ರಾಯದಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ತೋರುವ ಈ ರೋಗ, 2020ರ ಗಣನೆಯಂತೆ ಜಗತ್ತಿನ ಸುಮಾರು 28 ಲಕ್ಷ ಮಂದಿಗಿದ್ದಿತು. ಇದು ಶೀತದೇಶಗಳ ಕಾಯಿಲೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಲಕ್ಷಕ್ಕೆ ಸುಮಾರು ಎಂಟು ಜನರಲ್ಲಿ ಇದು ಕಂಡುಬಂದಿದೆ.

ಕಣ್ಣಿಗೆ ಕಾಣುವ ಕುಂಟುವಿಕೆಗಿಂತ ಕಾಣದ ಆಯಾಸವೇ ಇದರಲ್ಲಿ ಘೋರವಾದುದು. ರಾತ್ರಿಯೆಲ್ಲ ನಿದ್ರಿಸಿದರೂ ಮೈ ಸೀಸದಂತೆ ಭಾರವಾಗಿರುತ್ತದೆ. ಬಿಸಿಲೇರಿದರೆ ಬಳಲಿಕೆಯೂ ಏರುತ್ತದೆ. ರೋಗಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಒಂದಲ್ಲ ಒಂದು ಕಾಲದಲ್ಲಿ ಖಿನ್ನತೆಗೆ ಒಳಗಾಗುತ್ತಾರೆ. ಇದು ಮನೋದೌರ್ಬಲ್ಯವಲ್ಲ. ಮಿದುಳಿಗೆ ಆದ ಗಾಯವೂ ಅದಕ್ಕೆ ಕಾರಣವಾಗಬಲ್ಲದು, ಅದಕ್ಕೂ ಚಿಕಿತ್ಸೆಯುಂಟು. ‘ಧೈರ್ಯ ತಂದುಕೊಳ್ಳಿ’ ಎಂಬ ನಮ್ಮ ಉಪದೇಶ ಆ ಚಿಕಿತ್ಸೆಯ ಸ್ಥಾನವನ್ನು ತುಂಬಲಾರದು.

ಕೆಂಗೇರಿ ಉಪನಗರದಲ್ಲಿ ನಮ್ಮ ನೆರೆಯ ಗೃಹಿಣಿಯೊಬ್ಬರಿಗೆ ಈ ರೋಗವಿದೆ. ಅವರು ಒಮ್ಮೆ ಹೇಳಿದರು: “ಕಾಲು ಸೋತದ್ದಕ್ಕೆ ಅತ್ತದ್ದು ಕಡಮೆ, ಮೇಷ್ಟ್ರೇ. ‘ನೀನು ಸುಮ್ಮನೆ ಕೂತಿರಮ್ಮ’ ಎಂದು ಮನೆಯವರೆಲ್ಲ ಒಂದೊಂದೇ ಕೆಲಸ ಕಿತ್ತುಕೊಂಡರಲ್ಲ, ಆಗ ಅತ್ತೆ.” ಅದು ಪ್ರೀತಿಯಿಂದ ಬಂದ ಮಾತೇ ಸರಿ. ಆದರೆ ಆ ಪ್ರೀತಿ ಅವರನ್ನು ಸಂಸಾರದ ಆಲೋಚನೆಯಿಂದಲೇ ಹೊರಗಿರಿಸಿತ್ತು. ಮನೆಯ ಲೆಕ್ಕದ ಪುಸ್ತಕವನ್ನು ಅವರು ಹಠಮಾಡಿ ಮರಳಿ ಪಡೆದರು. ಈಗ ಬೆಳಗಿನ ತಂಪಿನಲ್ಲಿ ಅರ್ಧಗಂಟೆ ಲೆಕ್ಕ, ಸಂಜೆ ಕೇರಿಯ ಇಬ್ಬರು ಮಕ್ಕಳಿಗೆ ಪಾಠ. ರೋಗ ಹೋಗಿಲ್ಲ, ದಿನಕ್ಕೊಂದು ಅರ್ಥ ಬಂದಿದೆ.

ಇದು ಒಬ್ಬರ ಮಾತಷ್ಟೇ ಅಲ್ಲ. ಅಮೆರಿಕದಲ್ಲಿ ಆಲ್‌ಬ್ರೆಕ್ಟ್ ಮತ್ತು ಡೆವ್ಲೀಗರ್ ಎಂಬ ವಿದ್ವಾಂಸರು ತೀವ್ರ ಅಂಗವೈಕಲ್ಯವುಳ್ಳವರನ್ನು ಸಂದರ್ಶಿಸಿ 1999ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಬಾಳು ಚೆನ್ನಾಗಿದೆಯೆಂದೇ ಹೇಳಿದ್ದರು. ಚೆಲ್ಲೋ ವಾದನದಲ್ಲಿ ಜಗದ್ವಿಖ್ಯಾತಳಾದ ಜಾಕ್ವೆಲಿನ್ ಡು ಪ್ರೆಗೆ 1973ರಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವುದು ಖಚಿತವಾಯಿತು. ಬೆರಳುಗಳು ವಶ ತಪ್ಪಿದ ಮೇಲೆ ಆಕೆ ಶಿಷ್ಯರಿಗೆ ಪಾಠ ಹೇಳಿದಳು.

ಆದರೆ ರೋಗಿಯ ತೃಪ್ತಿಯನ್ನು ಕೊಂಡಾಡಿ ನಾವು ಕೈಕಟ್ಟಿ ಕುಳಿತರೆ ಅದು ಅನ್ಯಾಯ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಈ ವ್ಯಾಧಿಯನ್ನು ಹೆಸರಿಸಿ ಮನ್ನಿಸಿದೆ. 2021ರಲ್ಲಿ ಕೆಂಗೇರಿಯವರೆಗೆ ಮೆಟ್ರೋ ಬಂದಿತು. ನಿಲ್ದಾಣದಲ್ಲಿ ಲಿಫ್ಟ್ ಇದೆ. ಆ ಲಿಫ್ಟಿನವರೆಗೆ ಊರುಗೋಲಿನವರು ನಡೆಯಬಲ್ಲ ಕಾಲುದಾರಿಯೂ ಬೇಕು. ನಡುವೆ ದಣಿದರೆ ಕೂರಲು ನೆರಳಿನಲ್ಲೊಂದು ಕಲ್ಲುಬೆಂಚು ಬೇಕು. ತನ್ನಲ್ಲಿ ತಾನು ನೆಲೆಗೊಳ್ಳುವುದು ರೋಗಿಯ ಸಾಧನೆಯಾಗಿರಬಹುದು. ಆ ನೆಲೆಗೆ ಬೇಕಾದ ನೆಲವನ್ನು ಸಮಮಾಡುವುದು ಉಳಿದವರ ಹೊಣೆ.