ಮಳಿ ಬಂದ್ರ ಡಿಶ್ ಯಾಕ ಬಂದ್ ಆಗ್ತದ? ಆಕಾಶದ ತರಂಗಗಳ ಲೆಕ್ಕಾಚಾರ

ಕಲಘಟಗಿ ತಾಲೂಕಿನ ತಂಬೂರದಲ್ಲಿ ನಮ್ಮ ಕಾಕಾನ ಮನೆಯಿದೆ. ಕಳೆದ ಮಳೆಗಾಲದಲ್ಲಿ ಅಲ್ಲಿಗೆ ಹೋದಾಗ ಜೋರು ಮಳೆ ಹಿಡಿಯಿತು, ಟಿವಿಯಲ್ಲಿ 'ಸಿಗ್ನಲ್ ಇಲ್ಲ' ಅಂತ ಬಂತು. ಕಾಕಾ ಕೇಳಿದ: "ಏನೋ ತಮ್ಮಾ, ಉಪಗ್ರಹ ಮುಗಿಲಿನ ಮ್ಯಾಲ ಐತಿ. ಅದೇನು ಮಳ್ಯಾಗ ತೋಯ್ತೈತೇನು?"

ಪ್ರಶ್ನೆ ಸರಿಯಾಗೇ ಇದೆ. ಡಿಟಿಎಚ್ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅಷ್ಟು ದೂರ ಆರಾಮಾಗಿ ಬರುವ ತರಂಗ ಸೋಲುವುದು ಕೊನೆಯ ನಾಲ್ಕೈದು ಕಿ.ಮೀ. ಮಳೆಯಲ್ಲಿ. ಯಾಕೆಂದರೆ ಅದು ಕೆಯು ಬ್ಯಾಂಡ್. ಅದರ ಆವರ್ತನ 11-12 ಗಿಗಾಹರ್ಟ್ಜ್ ಆಸುಪಾಸು, ತರಂಗದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ತರಂಗ ಗಿಡ್ಡ ಆದಷ್ಟೂ ಮಳೆಹನಿ ಅದನ್ನು ಹೆಚ್ಚು ಹೀರುತ್ತದೆ, ಹೆಚ್ಚು ಚದುರಿಸುತ್ತದೆ.

ಹಂಗಾದ್ರೆ ಕೆಯು ಬ್ಯಾಂಡ್ ಯಾಕೆ ಬೇಕು? ಡಿಶ್ ಸಣ್ಣದಾಗುತ್ತದೆ ಅನ್ನೋದಕ್ಕೆ. ಸುಮಾರು ಎರಡು ಅಡಿಯ ತಟ್ಟೆ ಮನೆ ಮಾಳಿಗೆ ಮೇಲೆ ಕೂರುತ್ತದೆ. ಕೇಬಲ್‌ನವರ ಹತ್ತಿರ ಇರುವ ದೊಡ್ಡ ಡಿಶ್ ಬೇರೆ ಲೆಕ್ಕ. ಅದು ಸಿ ಬ್ಯಾಂಡ್, 4 ಗಿಗಾಹರ್ಟ್ಜ್ ಹತ್ತಿರ, ತರಂಗದ ಉದ್ದ ಏಳೂವರೆ ಸೆಂಟಿಮೀಟರ್. ಮಳೆಗೆ ಅಷ್ಟಾಗಿ ಜಗ್ಗುವುದಿಲ್ಲ. ಆದರೆ ತಟ್ಟೆಗೆ ಎಂಟು-ಹತ್ತು ಅಡಿ ಜಾಗ ಬೇಕು.

ಅದೇ ಮಳೆಯಲ್ಲಿ ಕಾಕಾನ ಮೊಬೈಲಿನ ಜಿಪಿಎಸ್ ಮಾತ್ರ ನಡೆಯುತ್ತಿತ್ತು. 'ದಿಶಾಂಕ್' ಆ್ಯಪ್ ತೆಗೆದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದಲ್ಲ, ಅದರ ಬೆನ್ನಿಗಿರುವುದು ಎಲ್ ಬ್ಯಾಂಡ್. ಜಿಪಿಎಸ್‌ನ ಮುಖ್ಯ ಆವರ್ತನ 1575.42 ಮೆಗಾಹರ್ಟ್ಜ್, ನಮ್ಮ ನಾವಿಕ್‌ನ ಒಂದು ಆವರ್ತನ 1176.45. ಈ ತರಂಗಗಳಿಗೆ ಮಳೆ ಲೆಕ್ಕಕ್ಕೇ ಇಲ್ಲ. ಆದರೆ ಇಲ್ಲಿ ಸಿಗುವ ಜಾಗ ಕಡಿಮೆ. ಸ್ಥಳ ಗುರುತಿಸಲು, ಸಣ್ಣ ಸಂದೇಶಕ್ಕೆ ಸಾಕು, ವಿಡಿಯೋಗೆ ಸಾಲದು.

ಸೂತ್ರ ಇಷ್ಟೇ: ಕೆಳಗಿನ ಬ್ಯಾಂಡ್ ಗಟ್ಟಿ, ಆದರೆ ಇಕ್ಕಟ್ಟು. ಮೇಲಿನ ಬ್ಯಾಂಡ್ ವಿಶಾಲ, ಆದರೆ ನಾಜೂಕು. 2024ರ ನವೆಂಬರ್‌ನಲ್ಲಿ ಹಾರಿದ ಜಿಸ್ಯಾಟ್-ಎನ್2 ಬಳಸುವುದು ಕೆಎ ಬ್ಯಾಂಡ್, 20-30 ಗಿಗಾಹರ್ಟ್ಜ್. ಅದರ ಸಾಮರ್ಥ್ಯ ಸೆಕೆಂಡಿಗೆ 48 ಗಿಗಾಬಿಟ್. ಮಳೆಯ ಕಾಟವೂ ಅಷ್ಟೇ ಹೆಚ್ಚು.

ನಮ್ಮ ಭಾಗಕ್ಕೆ ಇದು ಹೊಸ ಕಥೆಯೇನಲ್ಲ. 1975-76ರಲ್ಲಿ ಇಸ್ರೋ, ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿತು. ಕರ್ನಾಟಕದಲ್ಲಿ ಆರಿಸಿದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಸೀಮೆಯ ಹಳ್ಳಿಗಳನ್ನು. ಬಳಸಿದ ಆವರ್ತನ 860 ಮೆಗಾಹರ್ಟ್ಜ್. ತಂತಿ ಜಾಳಿಗೆಯ ಹತ್ತಡಿ ಆಂಟೆನಾ ಸಾಕಾಗಿತ್ತು. ಅಂದು ಮೊದಲು ಆರಿಸಿದ್ದು ಹಿಂದುಳಿದ ಹಳ್ಳಿಗಳನ್ನು, ತಂತ್ರಜ್ಞಾನ ಅವುಗಳಿಗೆ ತಕ್ಕಂತೆ ರೂಪುಗೊಂಡಿತು.

ಈಗ ರಾಜಕೀಯಕ್ಕೆ ಬರೋಣ. ತರಂಗಾಂತರ ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಉಪಗ್ರಹ ಸೇವೆಗೆ ಹರಾಜಿಲ್ಲ, ಸರ್ಕಾರವೇ ಆಡಳಿತಾತ್ಮಕವಾಗಿ ಹಂಚುತ್ತದೆ. ಒಂದೇ ಬ್ಯಾಂಡನ್ನು ಹಲವು ಉಪಗ್ರಹಗಳು ಹಂಚಿಕೊಳ್ಳಬಹುದು ಎಂಬುದು ಇದಕ್ಕೆ ಕೊಡುವ ಕಾರಣ, ಅದರಲ್ಲಿ ತಥ್ಯವೂ ಇದೆ. 2025ರ ಮೇನಲ್ಲಿ ಟ್ರಾಯ್, ಕಂಪನಿಗಳ ಹೊಂದಾಣಿಕೆಯಾದ ಒಟ್ಟು ಆದಾಯದ ಶೇ. 4ರಷ್ಟು ಶುಲ್ಕ ಶಿಫಾರಸು ಮಾಡಿತು. ನಗರದ ಪ್ರತಿ ಗ್ರಾಹಕನ ಮೇಲೆ ವರ್ಷಕ್ಕೆ 500 ರೂಪಾಯಿ ಹೆಚ್ಚುವರಿ, ಹಳ್ಳಿಗೆ ಅದಿಲ್ಲ. ಅಂದರೆ ಇಡೀ ವಾದ ನಿಂತಿರುವುದೇ ಹಳ್ಳಿಯ ಹೆಸರಿನ ಮೇಲೆ.

ಹಳ್ಳಿಯ ಹೆಸರು ಹೇಳುವವರು ಹಳ್ಳಿಯ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಧಾರವಾಡ ಜಿಲ್ಲೆಯಲ್ಲಿ ಕಲಘಟಗಿ ಮಲೆನಾಡಿನ ಸೆರಗಿನ ತಾಲೂಕು. ನವಲಗುಂದದ ಎರೆ ಭೂಮಿಯ ಮಳೆಗೂ ಇಲ್ಲಿನ ಮಳೆಗೂ ಹೋಲಿಕೆಯಿಲ್ಲ. ಸ್ಟಾರ್‌ಲಿಂಕ್‌ನಂಥ ಉಪಗ್ರಹಗಳು 550 ಕಿ.ಮೀ. ಹತ್ತಿರ ಬಂದರೂ ಮನೆಗೆ ತಲುಪಿಸುವುದು ಕೆಯು ಬ್ಯಾಂಡಿನಲ್ಲೇ. ಉಪಗ್ರಹ ಹತ್ತಿರ ಬಂತೆಂದು ಮಳೆಮೋಡ ದೂರ ಸರಿಯುವುದಿಲ್ಲ.

ಅದೇ ವಾರ ಕಾಕಾ ಪಿಂಚಣಿ ತರಲು ಬ್ಯಾಂಕಿಗೆ ಹೋಗಿ ಎರಡು ಸಲ ಬರಿಗೈಲಿ ಬಂದಿದ್ದ. 'ಸರ್ವರ್ ಡೌನ್' ಅಂದರಂತೆ. ಮಾಳಿಗೆ ಮೇಲೆ ನೋಡಿದರೆ ವಿಸ್ಯಾಟ್ ಡಿಶ್ ಇತ್ತು, ಅದೂ ಕೆಯು ಬ್ಯಾಂಡಿನದೇ. ಮಳೆಯೇ ಕಾರಣ ಅಂತ ನಾನು ಆಣೆ ಮಾಡಲಾರೆ. ಆದರೆ ಟಿವಿ ನಿಂತರೆ ಧಾರಾವಾಹಿ ತಪ್ಪುತ್ತದೆ, ಪಿಂಚಣಿ ನಿಂತರೆ ಔಷಧಿ ತಪ್ಪುತ್ತದೆ.

ಹಾಗಾಗಿ ನಮ್ಮ ಬೇಡಿಕೆ ಸ್ಪಷ್ಟ ಇರಲಿ. ಸಾರ್ವಜನಿಕ ತರಂಗ ಪಡೆಯುವ ಕಂಪನಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾಲೂಕುವಾರು ಸೇವೆ ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು ಬಹಿರಂಗಪಡಿಸಬೇಕು. ಬ್ಯಾಂಕು, ಆಸ್ಪತ್ರೆ, ಪಂಚಾಯ್ತಿಗೆ ಡಿಶ್ ಜೊತೆ ನೆಲದ ಫೈಬರ್ ಕೂಡ ಇರಲೇಬೇಕು. ಮುಂದಿನ ಗ್ರಾಮಸಭೆಯಲ್ಲಿ ನಮ್ಮೂರಿನ ಫೈಬರ್ ಎಲ್ಲಿಗೆ ಬಂದು ನಿಂತಿದೆ ಅಂತ ನೀವೂ ಕೇಳಿ. ತಂಬೂರದಲ್ಲಿ ಕಾಕಾ ಕೇಳ್ತೀನಿ ಅಂದಿದ್ದಾನೆ.