ಅತಿಥಿ ವಾದಕರಿಗೊಂದು ಚೀಟಿ

ಮಂಗಳೂರಿನ ನಮ್ಮ ದೇವಾಲಯದ ಸಭಾಪಾಲಕರೂ ಆರ್ಗನ್ ವಾದಕರೂ ಒಂದು ಭಾನುವಾರ ಪರಸ್ಥಳದಲ್ಲಿದ್ದರು. ಬದಲಿಗೆ ಬಂದವರಿಗೆ ಗೀತದ ಸಂಖ್ಯೆಯನ್ನಷ್ಟೇ ತಿಳಿಸಿ ನಾನು ನಿಶ್ಚಿಂತನಾದೆ.

1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ರಾಗಗಳಿಗೆ ಹೊಂದುವಂತೆ ಕನ್ನಡ ಗೀತಗಳನ್ನು ರಚಿಸಿದರು. ಅಕ್ಷರಗಣನೆ ಒಂದೇ ಆದರೆ ಒಂದು ಗೀತವನ್ನು ಹಲವು ರಾಗಗಳಲ್ಲಿ ಹಾಡಬಹುದು. ಇದನ್ನೇ ನಾನು ಮರೆತಿದ್ದೆ. ಅತಿಥಿ ವಾದಕರು ತಮಗೆ ರೂಢಿಯಾದ ರಾಗವನ್ನೆತ್ತಿದರು. ಸಭೆ ಮೂಕವಾಯಿತು. ಗತಿಸಿದ ಪತಿಯ ನೆನಪಿಗೆಂದು ಆ ಗೀತವನ್ನು ಬೇಡಿದ್ದ ವೃದ್ಧೆ ಮೆಲ್ಲನೆ ಪುಸ್ತಕವನ್ನು ಮುಚ್ಚಿದರು.

ಅಂದಿನಿಂದ ಅತಿಥಿಗಳಿಗೆ ಚೀಟಿ ಬರೆದಿಡುತ್ತೇನೆ: ರಾಗದ ಹೆಸರು, ಹಾಡುವ ಚರಣಗಳು, ಕೊನೆಗೆ ‘ಆಮೆನ್’ ಉಂಟೇ ಇಲ್ಲವೇ, ಒತ್ತಿದರೆ ಮೇಲೇಳದ ಆರ್ಗನ್ನಿನ ಮನೆ ಯಾವುದು, ಪ್ರಭುಭೋಜನದಲ್ಲಿ ರೊಟ್ಟಿ ಹಂಚುವ ಕ್ರಮವೇನು.

ಬಂದವರಿಗೆ ಬೆಲ್ಲ-ನೀರು ಕೊಡುವ ನಾಡು ನಮ್ಮದು. ಈ ಚೀಟಿಯೂ ಬೆಲ್ಲ-ನೀರೇ; ಆದರೆ ಅದರಿಂದ ತಣಿಯಬೇಕಾದವರು ಅತಿಥಿಗಳು ಮಾತ್ರವಲ್ಲ.