ಎರಡು ದಡಗಳ ಸ್ವಾತಂತ್ರ್ಯ

ನಾಡಿನ ಉಳಿದ ಭಾಗಗಳಲ್ಲಿ ಸೆಪ್ಟೆಂಬರ್ 17 ಒಂದು ಸಾಮಾನ್ಯ ದಿನ. ರಾಯಚೂರು, ಕಲಬುರಗಿ, ಬೀದರ್, ಕೊಪ್ಪಳ ಮೊದಲಾದ ಜಿಲ್ಲೆಗಳಲ್ಲಿ ಮಾತ್ರ ಅಂದು ಶಾಲೆ, ಕಚೇರಿಗಳ ಮುಂದೆ ರಾಷ್ಟ್ರಧ್ವಜವೇರುತ್ತದೆ. ಬಹುಕಾಲ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆನಿಸಿದ್ದ ಈ ಆಚರಣೆಗೆ 2019ರಲ್ಲಿ ಕಲ್ಯಾಣ ಕರ್ನಾಟಕ ಉತ್ಸವವೆಂಬ ಹೆಸರು ಬಂದಿತು. ಧಾರವಾಡ ಸೀಮೆಯವನಾದ ನನಗೆ ಇದರ ಪರಿಚಯವಿದ್ದದ್ದು ಪುಸ್ತಕಗಳಿಂದ. ಸಿಂಧನೂರು ತಾಲ್ಲೂಕಿನ ಸಾಲಗುಂದದಲ್ಲಿ ಅತಿಥಿಯಾಗಿ ಈ ದಿನವನ್ನು ಕಂಡಾಗ, ಸಾಲಿನಲ್ಲಿ ನಿಂತ ಹುಡುಗನೊಬ್ಬ ಕೇಳಿದ: "ಸರ್, ಹೋದ ತಿಂಗಳ ಝೇಂಡಾ ಏರ್ಸಿದ್ವಲ್ರಿ, ಮತ್ಯಾಕ್ರಿ?" ಪ್ರಶ್ನೆ ಚಿಕ್ಕದು, ಉತ್ತರ ಅಷ್ಟು ಚಿಕ್ಕದಲ್ಲ.

ಅದನ್ನು ತುಂಗಭದ್ರೆಯ ದಡದಿಂದಲೇ ಆರಂಭಿಸಬೇಕು. ಹೊಳೆಯಾಚೆಯ ಸಿರುಗುಪ್ಪ ಮದರಾಸು ಪ್ರಾಂತಕ್ಕೆ ಸೇರಿತ್ತು. 1947ರ ಆಗಸ್ಟ್ 15ರಂದು ಆ ದಡ ಸ್ವತಂತ್ರವಾಯಿತು. ಈಚೆಯ ಸಿಂಧನೂರು ಹೈದರಾಬಾದಿನ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿತ್ತು. ಅದೇ ಧ್ವಜವನ್ನು ಇಲ್ಲಿ ಹಾರಿಸುವುದು ಅಪರಾಧವಾಗಿತ್ತು. ಸ್ವಾಮಿ ರಮಾನಂದ ತೀರ್ಥರು ಆ ದಿನವೇ ಬಂಧಿತರಾದರು. ನವೆಂಬರ್ 29ರಂದು ಭಾರತ ಸರಕಾರಕ್ಕೂ ನಿಜಾಮರಿಗೂ ಯಥಾಸ್ಥಿತಿ ಒಪ್ಪಂದವಾಯಿತಾದರೂ ಹಳ್ಳಿಗಳಿಗೆ ನೆಮ್ಮದಿ ದೊರೆಯಲಿಲ್ಲ. ಕಾಸಿಂ ರಜ್ವಿಯ ರಜಾಕಾರರ ಹಾವಳಿಯಿಂದ ಜನ ತತ್ತರಿಸಿದರು. ಗಡಿಯಾಚೆ ಮುಂಡರಗಿಯಂಥ ಊರುಗಳಲ್ಲಿ ಹೋರಾಟದ ಶಿಬಿರಗಳು ನಡೆದವು. ಮುಂಡರಗಿ ಶಿಬಿರದ ನಾಯಕರು ಅಳವಂಡಿಯ ಶಿವಮೂರ್ತಿ ಸ್ವಾಮಿಗಳು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಕದನವಿರಾಮ ಸಾರಿದರು. ಒಂದೇ ಹೊಳೆಯ ಎರಡು ದಡಗಳಿಗೆ ಸ್ವಾತಂತ್ರ್ಯ ಬರುವುದರ ನಡುವೆ ಹದಿಮೂರು ತಿಂಗಳು ಕಳೆದಿದ್ದವು. ಎರಡನೆಯ ಸಲ ಧ್ವಜವೇರುವುದು ಆ ಹದಿಮೂರು ತಿಂಗಳ ನೆನಪಿಗಾಗಿ.

ಇಂಥ ದಿನವನ್ನು ಹೇಗೆ ಆಚರಿಸಬೇಕು? ಇನ್ನೊಂದು 17ನ್ನು ಇಲ್ಲಿ ನೆನೆಯಬಹುದು. ನಾರ್ವೆ ದೇಶದ ರಾಷ್ಟ್ರೀಯ ದಿನ ಮೇ 17. 1814ರಲ್ಲಿ ಐಡ್ಸ್‌ವೋಲ್ ಎಂಬಲ್ಲಿ ಆ ದೇಶದ ಸಂವಿಧಾನಕ್ಕೆ ಅಂಕಿತ ಬಿದ್ದ ದಿನವದು. ಅಂದಿನ ಮೆರವಣಿಗೆಯಲ್ಲಿ ಪ್ರಧಾನವಾದದ್ದು ಸೈನ್ಯವಲ್ಲ, ಶಾಲೆಯ ಮಕ್ಕಳು. ರಾಜಧಾನಿ ಓಸ್ಲೊದಲ್ಲಿ ಮಕ್ಕಳು ಚಿಕ್ಕ ಬಾವುಟಗಳನ್ನು ಬೀಸುತ್ತ ಅರಮನೆಯ ಮುಂದೆ ಸಾಗುತ್ತಾರೆ. ರಾಜಕುಟುಂಬ ಉಪ್ಪರಿಗೆಯಲ್ಲಿ ನಿಂತು ಅವರಿಗೆ ಕೈ ಬೀಸುತ್ತದೆ. 1870ರಲ್ಲಿ ಈ ಮೆರವಣಿಗೆ ಆರಂಭವಾದಾಗ ಅದರಲ್ಲಿ ಗಂಡುಮಕ್ಕಳಷ್ಟೇ ಇದ್ದರು. ಹೆಣ್ಣುಮಕ್ಕಳು ಸೇರಿದ್ದು 1889ರಲ್ಲಿ. ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಅವರು ಕೊಂಡಾಡುವ ಆ ಸಂವಿಧಾನವೇ ಯಹೂದಿಗಳಿಗೆ ದೇಶದೊಳಗೆ ಪ್ರವೇಶವಿಲ್ಲವೆಂದು ವಿಧಿಸಿತ್ತು. ಕವಿ ವೆರ್ಗೆಲಾಂಡ್ ಇದರ ವಿರುದ್ಧ ಹೋರಾಡಿ 1845ರಲ್ಲಿ ತೀರಿಕೊಂಡ. ನಿಷೇಧ ತೆರವಾದದ್ದು 1851ರಲ್ಲಿ. ಹಬ್ಬವನ್ನು ಬಿಡದೆಯೇ ಅದರ ಬಾಗಿಲನ್ನು ಅವರು ಅಗಲಗೊಳಿಸಿದರು.

ನಮ್ಮ ಸೆಪ್ಟೆಂಬರ್ 17ಕ್ಕೂ ಇಂಥದೊಂದು ಕಠಿಣ ಪುಟವಿದೆ. ಪೊಲೀಸ್ ಕಾರ್ಯಾಚರಣೆಯ ತರುವಾಯ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ ಜಿಲ್ಲೆಗಳಲ್ಲಿ ಮುಸಲ್ಮಾನರ ಮೇಲೆ ಘೋರ ಹಿಂಸೆ ನಡೆಯಿತು. ಭಾರತ ಸರಕಾರವೇ ಕಳುಹಿದ ಪಂಡಿತ ಸುಂದರಲಾಲ್ ಸಮಿತಿಯು, ಸತ್ತವರು 27 ಸಾವಿರದಿಂದ 40 ಸಾವಿರದವರೆಗೆ ಇರಬಹುದೆಂದು ಅಂದಾಜು ಮಾಡಿತು. ನೆರೆಯ ಮುಸಲ್ಮಾನರನ್ನು ಕಾಪಾಡಿದ ಹಿಂದೂಗಳ ನಿದರ್ಶನಗಳನ್ನೂ ಅದು ದಾಖಲಿಸಿದೆ. ನೇಕಾರರನ್ನು ನೇಕಾರರೇ ರಕ್ಷಿಸಿದ ಪ್ರಸಂಗವೂ ಅದರಲ್ಲಿದೆ. ದಶಕಗಳ ಕಾಲ ಬೆಳಕು ಕಾಣದಿದ್ದ ಈ ವರದಿ 2013ರ ಹೊತ್ತಿಗೆ ಓದುಗರಿಗೆ ದೊರೆಯಿತು. ರಜಾಕಾರರ ಕ್ರೌರ್ಯವನ್ನು ಹೇಳಿ ಇದನ್ನು ಮರೆಮಾಡಿದರೆ, ಅಥವಾ ಇದನ್ನು ಹೇಳಿ ಅದನ್ನು ಮರೆಮಾಡಿದರೆ, ಧ್ವಜದ ಕೆಳಗೆ ನಿಂತ ಮಕ್ಕಳಲ್ಲಿ ಯಾರಾದರೊಬ್ಬರು ತಮ್ಮ ಊರಿನಲ್ಲಿಯೇ ಪರಕೀಯರಾಗುತ್ತಾರೆ.

ಸಿಂಧನೂರು ಸೀಮೆಗೆ ಈ ಮಾತು ಹೆಚ್ಚು ಸಲ್ಲುತ್ತದೆ. ಕಾಲುವೆಯ ನೀರನ್ನು ಅರಸಿ ಬಂದ ತೆಲುಗು ರೈತರ ಕ್ಯಾಂಪುಗಳು ಇಲ್ಲಿವೆ. ಪೂರ್ವ ಪಾಕಿಸ್ತಾನವನ್ನು ತೊರೆದು ಬಂದ ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳೂ ಇವೆ. ಆ ಮನೆಗಳ ಅಜ್ಜಂದಿರು 1948ರಲ್ಲಿ ಈ ನೆಲದಲ್ಲಿರಲಿಲ್ಲ. ಆದರೂ ಅವರ ಮೊಮ್ಮಕ್ಕಳಿಗೆ ಈ ದಿನ ತಮ್ಮದೆನಿಸಬೇಕು. ಎರಡನೆಯ ಧ್ವಜ ಏಕೆಂದು ಕೇಳುವ ಮಗುವಿಗೆ ಮೊದಲು ಹೊಳೆಯನ್ನು ತೋರಿಸೋಣ, ಆಮೇಲೆ ಹದಿಮೂರು ತಿಂಗಳ ಕಥೆಯನ್ನು ಹೇಳೋಣ, ಕೊನೆಯಲ್ಲಿ ನೆರೆಯವನನ್ನು ಕಾಪಾಡಿದ ನೇಕಾರನ ಕಥೆಯನ್ನೂ ಹೇಳೋಣ. ಈ ಮೂರನ್ನೂ ಕೇಳಿದ ಮಗುವಿಗೆ ಆ ದಿನದ ಅರ್ಥವನ್ನು ಬೇರೆಯವರು ವಿವರಿಸಬೇಕಾಗುವುದಿಲ್ಲ.